ಕಾಲುವೆಯ ಗುಂಟ ಸೈಕಲ್ ಪ್ರವಾಸ

ಶಹಾಪುರದಿಂದ ಸುರಪುರಕ್ಕೆ ಸೈಕಲ್ಲಿನ ಮೇಲೆ ಹೋಗಿಬರುವೆನೆಂದು ಇಂದು ಒಬ್ಬ ತರುಣನು ಮನೆಯಲ್ಲಿ ಹೇಳಿದರೆ, ತಾಯಿಯು ಕೇಳುವ ಮೊದಲ ಪ್ರಶ್ನೆಯು ಬಿಸಿಲನ್ನು ಕುರಿತದ್ದಲ್ಲ, ದೂರವನ್ನು ಕುರಿತದ್ದೂ ಅಲ್ಲ. "ಆ ಲಾರಿಗಳ ಹಾದ್ಯಾಗ ಯಾಕ ಹೋಗ್ತಿಯಪಾ?" ಎಂದೇ ಅವಳು ಕೇಳುವಳು. ಆ ತಾಯಿಯ ಅಂಜಿಕೆಯು ಸುಳ್ಳಲ್ಲ. ಜೇವರ್ಗಿಯಿಂದ ಹೊರಟು ಶಹಾಪುರ ಸುರಪುರಗಳ ಮೇಲೆ ಹಾಯ್ದು, ತಿಂಥಣಿಯ ಸೇತುವೆಯಿಂದ ಕೃಷ್ಣೆಯನ್ನು ದಾಟಿ ಲಿಂಗಸುಗೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸೈಕಲ್ಲಿನವನಿಗೆ ಉಳಿದಿರುವ ಜಾಗವೆಂದರೆ ಡಾಂಬರಿನ ಅಂಚಿಗೂ ಜಾಲಿಯ ಮುಳ್ಳಿಗೂ ನಡುವಿನ ಒಂದು ಗೇಣು ಮಾತ್ರ. ಹಿಂದಿನಿಂದ ಲಾರಿಯು ಕೂಗಿದೊಡನೆ ಆ ಒಂದು ಗೇಣಿನಿಂದಲೂ ಅವನು ಕೆಳಗಿಳಿಯಬೇಕು. ಸೈಕಲ್ಲೆಂಬದು ಬಡವನ ವಾಹನವು. ಬಡವನ ವಾಹನಕ್ಕೆ ಹಾದಿಯಿಲ್ಲದ ದೇಶದಲ್ಲಿ ಅದರ ಮೇಲೆ ಕುಳಿತು ಸಂತೋಷಕ್ಕಾಗಿ ಊರೂರು ನೋಡುವ ಮಾತನ್ನು ಯಾರು ಆಡಬೇಕು?

ಆದರೂ ನಾವು ಆ ಮಾತನ್ನು ಆಡಲಿಚ್ಛಿಸುತ್ತೇವೆ. ಕಾರಣವೇನೆಂದರೆ, ಈ ಮೂರು ಊರುಗಳ ಸೀಮೆಯಲ್ಲಿ ಮೋಟಾರಿನ ಗದ್ದಲವಿಲ್ಲದ ನೂರಾರು ಕಿಲೋಮೀಟರು ಹಾದಿಯು ಈಗಾಗಲೇ ಸಿದ್ಧವಾಗಿ ಬಿದ್ದಿದೆ. ಅದನ್ನು ಸಾರ್ವಜನಿಕರ ಹಣದಿಂದಲೇ ಕಟ್ಟಲಾಗಿದೆ. ಆದರೆ ಅದು ಹಾದಿಯೆಂದು ಯಾವ ನಕಾಶೆಯಲ್ಲಿಯೂ ಬರೆದಿಲ್ಲ. ಯಾಕೆಂದರೆ ಅದನ್ನು ಜನರು ನಡೆಯಲೆಂದು ಕಟ್ಟಲಿಲ್ಲ, ನೀರು ನಡೆಯಲೆಂದು ಕಟ್ಟಿದರು. ನಾರಾಯಣಪುರ ಎಡದಂಡೆ ಕಾಲುವೆಯ ಏರಿಯೇ ಆ ಹಾದಿಯು.

ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ನೆಯ ಇಸವಿಯಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಅದರ ಕೆಳಗಿನ ಅಣೆಕಟ್ಟೇ ನಾರಾಯಣಪುರದ ಬಸವಸಾಗರ. ಹತ್ತು ಕಿಲೋಮೀಟರಿಗೂ ಮಿಕ್ಕಿ ಉದ್ದವಾದ ಆ ಕಟ್ಟೆಯ ಎಡಬದಿಯಿಂದ ಹೊರಡುವ ಮುಖ್ಯ ಕಾಲುವೆಯು 78 ಕಿಲೋಮೀಟರು ಹರಿಯುತ್ತದೆ. ಶಹಾಪುರದ ಕಡೆಗೆ ಹೋಗುವ ಶಾಖೆಯ ಉದ್ದವೇ 76 ಕಿಲೋಮೀಟರು. ಹುಣಸಗಿ, ಮುದಬಾಳ, ಜೇವರ್ಗಿ, ಇಂಡಿ ಎಂಬ ಬೇರೆ ಶಾಖೆಗಳನ್ನು ಕೂಡಿಸಿ, ಅವುಗಳಿಂದ ಒಡೆಯುವ ವಿತರಣಾ ಕಾಲುವೆಗಳನ್ನು ಎಣಿಸುತ್ತ ಹೋದರೆ ಲೆಕ್ಕವು ಬಹು ದೂರ ಹೋಗುವದು. ಈ ಪ್ರತಿಯೊಂದು ದೊಡ್ಡ ಕಾಲುವೆಯ ಬದಿಗೂ ಇಂಜಿನಿಯರರ ಜೀಪು ಓಡಾಡುವಷ್ಟು ಅಗಲವಾದ ಏರಿಯುಂಟು. ಅದರ ಮೇಲೆ ದಿನಕ್ಕೆ ಒಂದೋ ಎರಡೋ ಇಲಾಖೆಯ ಗಾಡಿಗಳು, ಹೊಲಕ್ಕೆ ಹೋಗುವ ನಾಲ್ಕು ಮೋಟಾರ್ ಸೈಕಲ್ಲುಗಳು, ಕುರಿಯ ಹಿಂಡುಗಳು, ಮತ್ತು ಸಾಲಿಗೆ ಹೋಗುವ ಮಕ್ಕಳು.

ಸೈಕಲ್ಲಿನವನಿಗೆ ಈ ಏರಿಯು ಎಷ್ಟು ಹಿತವಾದುದೆಂಬದನ್ನು ತಿಳಿಯಬೇಕಾದರೆ ನೀರಿನ ಸ್ವಭಾವವನ್ನು ಸ್ವಲ್ಪ ನೆನೆಯಬೇಕು. ಹೆದ್ದಾರಿಯು ಊರಿನಿಂದ ಊರಿಗೆ ನೆಟ್ಟಗೆ ಹೋಗಲು ಬಯಸುವದು. ನಡುವೆ ಗುಡ್ಡವು ಬಂದರೆ ಏರುವದು, ಹಳ್ಳವು ಬಂದರೆ ಇಳಿಯುವದು. ಎಂಜಿನಿನ ಬಲವಿದ್ದವನಿಗೆ ಅದರಿಂದ ಬಾಧೆಯಿಲ್ಲ. ಕಾಲುವೆಯು ಹಾಗಲ್ಲ. ತಲೆಯಲ್ಲಿದ್ದ ಎತ್ತರವನ್ನು ತುದಿಯವರೆಗೆ ಕಾಪಾಡಿಕೊಂಡು ಹೋಗುವದೇ ಅದರ ಧರ್ಮವು. ಎತ್ತರವನ್ನು ಬೇಗನೆ ಕಳೆದುಕೊಂಡರೆ ಕೆಳಗಿನ ಹೊಲವು ದೊರೆಯಬಹುದು, ಮೇಲಿನ ಹೊಲವು ತಪ್ಪುವದು. ಆದುದರಿಂದ ನೆಲದ ಸಮಮಟ್ಟದ ರೇಖೆಯನ್ನು ಹಿಡಿದು, ಕಣ್ಣಿಗೆ ಕಾಣದಷ್ಟು ಇಳಿಜಾರಿನಿಂದ, ಗುಡ್ಡವನ್ನು ಸುತ್ತಿಕೊಂಡು ಅದು ಹೋಗುತ್ತದೆ. ಹಳ್ಳವು ಅಡ್ಡಬಂದಲ್ಲಿ ಮೇಲ್ಗಾಲುವೆಯಾಗಿ ದಾಟುತ್ತದೆ. ದಿನ್ನೆಯು ಅಡ್ಡಬಂದಲ್ಲಿ ಆಳವಾದ ಕಡಿತದೊಳಗೆ ನುಸುಳುತ್ತದೆ. ಶಹಾಪುರ ಸುರಪುರಗಳ ನಡುವಣ ಬಂಡೆಗಲ್ಲಿನ ಗುಡ್ಡಗಳನ್ನು ಬಲ್ಲವರಿಗೆ ಇದರ ಬೆಲೆಯು ಗೊತ್ತಾಗುವದು. ಅರವತ್ತು ವರ್ಷದ ಮುದುಕನೂ ಹನ್ನೆರಡು ವರ್ಷದ ಹುಡುಗಿಯೂ ಒಂದೇ ವೇಗದಿಂದ, ಮಾತಾಡುತ್ತ, ಉಸಿರು ಕಟ್ಟದೆ ಹೋಗಬಲ್ಲ ದಾರಿಯು ಈ ಗುಡ್ಡಗಾಡಿನಲ್ಲಿ ಬೇರೊಂದಿಲ್ಲ. ಸುತ್ತು ಜಾಸ್ತಿಯೆಂಬದು ನಿಜ. ಬೇಗ ಮುಟ್ಟಬೇಕೆಂಬವನಿಗೆ ಬಸ್ಸು ಇದೆ.

ಕಳೆದ ಚಳಿಗಾಲದಲ್ಲಿ ನಾವು ಮೂವರು ಗೆಳೆಯರು ಈ ದಾರಿಯನ್ನು ಹಿಡಿದೆವು. ಮೂವರಲ್ಲಿ ಒಬ್ಬರು ನಿವೃತ್ತ ಶಿಕ್ಷಕರು. ಇನ್ನೊಬ್ಬರು ಅಂಗಡಿಕಾರರು, ಸ್ಥೂಲಕಾಯರು, ಹೊರಡುವ ಹಿಂದಿನ ದಿನದ ವರೆಗೂ ಬರುವದಿಲ್ಲವೆಂದವರು. ಸೈಕಲ್ಲುಗಳು ಸಾದಾ ಕರಿಯ ಸೈಕಲ್ಲುಗಳೇ. ಗೇರು ಮೊದಲಾದ ಸೊಗಸುಗಳು ಇರಲಿಲ್ಲ. ಯಾದಗಿರಿಯ ವರೆಗೆ ರೈಲಿನ ಲಗೇಜು ಡಬ್ಬಿಯಲ್ಲಿ ಅವನ್ನು ತಂದೆವು. ಮುಂಬಯಿಯ ಹಳಿಯೂ ಮದ್ರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಯಾದಗಿರಿಯ ಕೋಟೆಯ ಗುಡ್ಡವು ಅಂದಿನಿಂದ ರೈಲನ್ನು ನೋಡುತ್ತಿದೆ. ಶಹಾಪುರ ಸುರಪುರಗಳಿಗೆ ಮಾತ್ರ ಅದರ ಸಿಳ್ಳು ಇನ್ನೂ ಕೇಳಿಲ್ಲ. ಆದುದರಿಂದ ಯಾದಗಿರಿಯಲ್ಲಿಳಿದವರು ಭೀಮೆಯನ್ನು ದಾಟಿ ಶಹಾಪುರದ ವರೆಗೆ ಡಾಂಬರಿನ ದಾರಿಯನ್ನೇ ತುಳಿಯಬೇಕು. ಆ ಭಾಗದ ವರ್ಣನೆಯು ವಾಚಕರಿಗೆ ಬೇಡ. ನಮ್ಮ ಅಂಗಡಿಕಾರ ಮಿತ್ರರು ಎರಡು ಸಲ ತಗ್ಗಿಗಿಳಿದರು, ಒಂದು ಸಲ ಬಿದ್ದರು. ಮೊಣಕಾಲಿನ ತೊಗಲು ಕಿತ್ತುದನ್ನು ಬಿಟ್ಟರೆ ಹೆಚ್ಚಿನ ಹಾನಿಯಾಗಲಿಲ್ಲ. ಮಲಗಿದ ಬುದ್ಧನಂತೆ ಕಾಣುವ ಗುಡ್ಡವು ಎದುರಾದಾಗ, ಆ ಮಹಾತ್ಮನು ಈ ಗದ್ದಲದಲ್ಲಿ ಹೇಗೆ ಮಲಗಿರುವನೋ ಎಂದು ಶಿಕ್ಷಕರು ಸೋಜಿಗಪಟ್ಟರು.

ಶಹಾಪುರದ ನೆರೆಯ ಭೀಮರಾಯನಗುಡಿಯು ನೀರಾವರಿಯ ಊರು. ಯೋಜನೆಯ ಕಚೇರಿಗಳೂ ವಸತಿಗಳೂ ಅಲ್ಲಿವೆ. ಕೃಷಿ ಕಾಲೇಜೂ ಇದೆ. ಆ ಸೀಮೆಯಲ್ಲಿ ನಾವು ಏರಿಯನ್ನು ಹತ್ತಿದೆವು. ಹತ್ತಿದೊಡನೆ ನಮಗೆ ತಟ್ಟಿದ್ದು ಯಾವ ನೋಟವೂ ಅಲ್ಲ, ಕಿವಿಗೆ ಬಂದ ಸುಖವು. ಚಕ್ರದ ಕೆಳಗೆ ಗರಸು ಅರೆಯುವ ಸದ್ದು, ಸರಪಳಿಯ ಸದ್ದು, ತೂಬಿನಿಂದ ಹೊಲಗಾಲುವೆಗೆ ಬೀಳುವ ನೀರಿನ ಸದ್ದು. ಎರಡು ತಾಸು ನಾವು ಒಂದೇ ಸಾಲಿನಲ್ಲಿ ಹೋಗದೆ ಮೂವರೂ ಜೋಡಿಯಾಗಿ ಹೋದೆವು. ಇಷ್ಟನ್ನು ಒಂದು ದೊಡ್ಡ ಸುಖವೆಂದು ಬರೆಯಬೇಕಾದ ಕಾಲವು ಬಂದುದೇ ವಿಚಿತ್ರವು.

ಹೊರಡುವವರಿಗೆ ಇಲ್ಲಿ ಒಂದೆರಡು ಅನುಭವದ ಮಾತು. ಚಳಿಗಾಲದಲ್ಲಿ ಮೂಡಣ ಗಾಳಿಯು ಬೀಸುವದು. ಶಹಾಪುರದಿಂದ ಪಡುವಣಕ್ಕೆ, ಎಂದರೆ ನಾರಾಯಣಪುರದ ದಿಕ್ಕಿಗೆ ಹೋಗುವವನ ಬೆನ್ನಿಗೆ ಅದು ಬರುವದರಿಂದ ಕೆಳಗಿನಿಂದ ಮೇಲಕ್ಕೆ ಹೋಗುವದೇ ಲೇಸು. ಕಾಲುವೆಯ ಏರು ಕಾಲಿಗೆ ತಿಳಿಯುವದೇ ಇಲ್ಲ. ಮಳೆಗಾಲದಲ್ಲಿ ಮಾತ್ರ ಈ ಸಾಹಸವು ಬೇಡ. ಇದು ಎರೆಭೂಮಿಯು. ಗರಸು ಹಾಕಿದಲ್ಲಿ ಏರಿಯು ಗಟ್ಟಿ. ಗರಸು ಕೊಚ್ಚಿಹೋದಲ್ಲಿ ಎರೆಯು ಚಕ್ರಕ್ಕೆ ಹತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯುವಂತೆ ಮಾಡುವದು. ಇನ್ನು ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಹೆದರದ ಟಯರು ಇನ್ನೂ ಹುಟ್ಟಿಲ್ಲ. ಎರಡು ದಿನಗಳಲ್ಲಿ ನಮಗೆ ಏಳು ಪಂಕ್ಚರುಗಳಾದವು. ತೇಪೆ, ಅಂಟು, ಗಾಳಿಯ ಪಂಪು ಇವು ಇಲ್ಲದೆ ಏರಿಯನ್ನು ಹತ್ತಬಾರದು. ಯಾಕೆಂದರೆ ಅಲ್ಲಿ ಅಂಗಡಿಯೆಂಬದು ಸಿಕ್ಕುವದಿಲ್ಲ.

ಸಿಕ್ಕುವದಿಲ್ಲವೇಕೆ ಎಂಬದರಲ್ಲಿಯೇ ಈ ಪ್ರವಾಸದ ಮರ್ಮವಿದೆ. ನಮ್ಮ ಹಳ್ಳಿಗಳು ಹಳೆಯವು, ಕಾಲುವೆಯು ಹೊಸದು. ಹಳ್ಳಿಗಳು ಹುಟ್ಟಿದ್ದು ನದಿಯ ಬಳಿ, ಕೆರೆಯ ಬಳಿ, ಸಿಹಿನೀರಿನ ಬಾವಿಯ ಬಳಿ. ಕಾಲುವೆಯಾದರೋ ಯಾವ ಊರನ್ನೂ ಕೇಳದೆ, ನೆಲದ ಮಟ್ಟವನ್ನಷ್ಟೇ ಕೇಳಿಕೊಂಡು ಬಂತು. ಆದುದರಿಂದ ಕಾಲುವೆಗೆ ದಾರಿಯುಂಟು, ಊರಿಲ್ಲ. ನದಿಗೆ ಊರುಗಳುಂಟು, ದಾರಿಯಿಲ್ಲ. ಭೀಮೆಯ ದಂಡೆಯ ಮೇಲೆ ಶಹಾಪುರ ತಾಲೂಕಿನ ಶಿರವಾಳವು ತನ್ನ ಹಳೆಯ ಗುಡಿಗಳೊಂದಿಗೆ ಕುಳಿತಿದೆ. ಹೊಳೆಯ ಆಚೆಗಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಮಾಳಿಗೆ ಕುಸಿದಾಗ ಅಶೋಕನ ಶಾಸನವು ಬೆಳಕಿಗೆ ಬಂದಿತು. ನೆರೆಯ ಕನಗನಹಳ್ಳಿಯ ಸ್ತೂಪದಲ್ಲಿ ಆ ಚಕ್ರವರ್ತಿಯ ಹೆಸರು ಬರೆದ ಶಿಲ್ಪವೇ ದೊರೆಯಿತು. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನ ಸನ್ನಿಧಿಗೆ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನರು ಕೂಡುತ್ತಾರೆ. ಇಂಥ ಸ್ಥಳಗಳನ್ನೆಲ್ಲ ನದಿಯು ಒಂದೇ ದಾರದಲ್ಲಿ ಪೋಣಿಸಿದೆ. ಆದರೆ ಆ ದಾರದ ಮೇಲೆ ನಡೆಯಲು ಬರುವದಿಲ್ಲ. ಒಂದು ಊರಿನಿಂದ ಮುಂದಿನ ಊರಿಗೆ ಹೊಳೆಯ ಗುಂಟ ಹೋಗುವೆನೆಂದರೆ ಹಳ್ಳದ ಕೊರಕಲು, ಮುಳ್ಳುಪೊದೆ, ಕೆಲವು ಕಡೆ ಮರಳಿನ ಲಾರಿಗಳು ಅಗೆದ ಕುಣಿ. ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯ ಸಂಗತಿಯು ಕೆಲವರಿಗಾದರೂ ನೆನಪಿರಬಹುದು. 2013ರಲ್ಲಿ ಆ ಊರಿನ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ಈಚೆಯ ದಂಡೆಗೆ ಬಂದಳು. ನದಿಯ ದಂಡೆಯ ಬಾಳುವೆಯನ್ನು ರಮ್ಯವೆಂದು ಬಣ್ಣಿಸುವ ಮೊದಲು ಲೇಖಣಿಯು ಆಕೆಯನ್ನು ನೆನೆಯಬೇಕು.

ಆದುದರಿಂದ ಬಲ್ಲ ಪ್ರವಾಸಿಯು ಎರಡನ್ನೂ ಹೆಣೆದುಕೊಳ್ಳುವನು: ಹಗಲು ಕಾಲುವೆಯ ಏರಿಯ ಮೇಲೆ ತುಳಿದು, ಹೊತ್ತು ಇಳಿದಾಗ ನದಿಯ ಅಥವಾ ಕೆರೆಯ ಊರಿಗೆ ಇಳಿಯುವನು. ನಾವೂ ಹಾಗೆಯೇ ಮಾಡಿದೆವು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ, ಲೆಕ್ಕವಿಟ್ಟು ನಿಲ್ಲಿಸಿದ ಬೃಹಚ್ಛಿಲೆಯ ಕಾಲದ ಬಂಡೆಗಳನ್ನು ಕಂಡೆವು. ಹುಲ್ಲಿನಲ್ಲಿ ಕುಳಿತ ದನಗಳ ಮಂದೆಯಂತೆ ದೂರದಿಂದ ಅವು ಕಾಣುವವು. ಸುರಪುರದಲ್ಲಿ ಒಂದು ರಾತ್ರಿ ಕಳೆದೆವು. ಆ ಗುಡ್ಡದೂರಿನಲ್ಲಿ ಸೈಕಲ್ಲನ್ನು ತುಳಿಯುವದಕ್ಕಿಂತ ದೂಡುವದೇ ಹೆಚ್ಚು. ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಆಂಗ್ಲರ ಮೇಲೆ ಕತ್ತಿಯನ್ನೆತ್ತಿ ಬಾಳನ್ನು ತೆತ್ತ ಊರು ಅದು. ಅವನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರನ ಬಂಗಲೆಯು ಗುಡ್ಡದ ಮೇಲೆ ಇನ್ನೂ ನಿಂತಿದೆ. ಆಳರಸರ ಪ್ರತಿನಿಧಿಯ ಗುಣಗಾನವು ನಮ್ಮ ಉದ್ಯೋಗವಲ್ಲವಾದರೂ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಬೇಕು: ನಾಯಕರ ಕಾಲದ ಬೋನಾಳದ ಕೆರೆಯನ್ನು ಟೇಲರನು ಸುಧಾರಿಸಿದನು, ಇಂದು ಅದು ಪಕ್ಷಿಧಾಮವಾಗಿದೆ. ಮರುದಿನ ನಸುಕಿನಲ್ಲಿ ಅದರ ಏರಿಯ ಮೇಲೆ ನಾವು ನಿಂತಾಗ, ಹಿಮಾಲಯದ ಆಚೆಯಿಂದ ಬಂದ ಪಟ್ಟೆತಲೆಯ ಹೆಬ್ಬಾತುಗಳು ನೀರಿನ ನಡುವೆ ಕಲಕಲ ಮಾಡುತ್ತಿದ್ದವು. ಮೋಟಾರಿನಲ್ಲಿ ಬಂದವರು ಬಾಗಿಲು ಬಡಿದ ಸದ್ದಿಗೆ ಅರ್ಧ ಕೆರೆಯೇ ಎದ್ದುಹೋಯಿತು. ನಮ್ಮ ಸೈಕಲ್ಲುಗಳಿಗೆ ಅವು ಕತ್ತನ್ನೂ ತಿರುವಿರಲಿಲ್ಲ.

ಸುರಪುರವನ್ನು ದಾಟಿದ ಮೇಲೆ ಏರಿಯ ಮೇಲಿನಿಂದ ಕಾಣುವ ಹೊಲಗಳ ಬಣ್ಣವು ಬದಲಾಗತೊಡಗುತ್ತದೆ. ಈ ಸಂಗತಿಯನ್ನು ನಾವು ವಿಸ್ತಾರವಾಗಿ ಹೇಳಬಯಸುತ್ತೇವೆ. ಮೋಟಾರಿನಲ್ಲಿ ಹೋಗುವವನಿಗೆ ಇದು ಕಾಣುವದಿಲ್ಲ. ಶಹಾಪುರದ ಕಡೆಯ ಶಾಖೆಯ ಗುಂಟ ನಾವು ಕಂಡದ್ದು ಹತ್ತಿ, ತೊಗರಿ, ಜೋಳ, ಮೆಣಸಿನಕಾಯಿ, ಅಲ್ಲಲ್ಲಿ ಬತ್ತ. ಒಕ್ಕಲಿಗರನ್ನು ಮಾತಾಡಿಸಿದರೆ ಮೊದಲ ಮಾತೇ, "ಮ್ಯಾಲಿನವರು ಬಿಟ್ಟರ ನಮಗ" ಎಂದು. ಮೇಲಕ್ಕೆ ಹೋದಂತೆ ಬತ್ತವೇ ಬತ್ತವು. ಗದ್ದೆಯಲ್ಲಿ ನಿಂತ ನೀರು, ಆಂಧ್ರದ ಕಡೆಯಿಂದ ಬಂದು ನೆಲೆಸಿದ ಒಕ್ಕಲಿಗರ ಕ್ಯಾಂಪುಗಳು, ಬತ್ತವನ್ನು ಕೊಯ್ಯುವ ಯಂತ್ರಗಳು. ಈ ಯೋಜನೆಯನ್ನು ಕಲ್ಪಿಸಿದವರು ಬತ್ತಕ್ಕಾಗಿ ಕಲ್ಪಿಸಲಿಲ್ಲ. ಕಡಿಮೆ ನೀರಿನ ಬೆಳೆಗಳನ್ನು ಹೆಚ್ಚು ಹೊಲಗಳಿಗೆ ಹಂಚಬೇಕೆಂಬದೇ ಅವರ ಲೆಕ್ಕವಾಗಿತ್ತು. ಕಾಲುವೆಯನ್ನು ನವೀಕರಿಸುವ ದೊಡ್ಡ ಕಾಮಗಾರಿಯನ್ನು 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಪ್ರಧಾನ ಮಂತ್ರಿಗಳು ಉದ್ಘಾಟಿಸಿದರು. ಸೆಕೆಂಡಿಗೆ ಹತ್ತು ಸಾವಿರ ಘನ ಅಡಿ ನೀರನ್ನು ಒಯ್ಯಬಲ್ಲ ಈ ಕಾಲುವೆಯಿಂದ ನಾಲ್ಕೂವರೆ ಲಕ್ಷ ಹೆಕ್ಟೇರು ಭೂಮಿಗೆ ನೀರು ದೊರೆಯುವದೆಂದು ಸರಕಾರವು ಆಗ ಸಾರಿತು. ತೂಬುಗಳನ್ನು ದೂರದಿಂದಲೇ ತೆರೆದು ಮುಚ್ಚುವ ವ್ಯವಸ್ಥೆಯೂ ಬಂದಿದೆ. ಆದರೆ ತಲೆಯ ಹೊಲಕ್ಕೂ ತುದಿಯ ಹೊಲಕ್ಕೂ ನಡುವಿನ ಅಂತರವನ್ನು ಒಬ್ಬನು ತನ್ನ ಕಾಲಿನ ಸ್ನಾಯುಗಳಿಂದ ಅಳೆದುನೋಡಿದಾಗ ಆಗುವ ತಿಳಿವಳಿಕೆಯು ಅಂಕಿಗಳಿಂದ ಆಗಲಾರದು. ತುದಿಯಲ್ಲಿ ಮಧ್ಯಾಹ್ನ ನೀರಿಗಾಗಿ ಕಾದು ಕುಳಿತವನನ್ನು ಕಂಡು, ಮರುದಿನ ಸಂಜೆ ತಲೆಯಲ್ಲಿ ನೀರು ಹೆಚ್ಚಾಗಿ ಬದು ಒಡೆದು ಹಳ್ಳಕ್ಕೆ ಬಿಡುವವನನ್ನು ಕಂಡೆವು. ಇಬ್ಬರೂ ನಮಗೆ ರೊಟ್ಟಿಯನ್ನು ಕೊಟ್ಟರು. ಇಬ್ಬರೂ ಒಳ್ಳೆಯವರೇ. ನಮ್ಮ ಕಾಲೇಜುಗಳಲ್ಲಿ ಅರ್ಥಶಾಸ್ತ್ರವನ್ನು ಓದುವ ತರುಣರು ಈ ಒಂದು ಪ್ರವಾಸವನ್ನು ಮಾಡಿಬಂದರೆ ಎಷ್ಟೋ ಪುಸ್ತಕಗಳ ಕೆಲಸವಾಗುವದು.

ಹುಣಸಗಿ ಬೈಚಬಾಳಗಳ ಕಣಿವೆಯಲ್ಲಿ ಇನ್ನೊಂದು ಬಗೆಯ ಅಳತೆಯು ಸಿಕ್ಕುವದು. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರಾದ ಕೆ. ಪದ್ದಯ್ಯನವರು ದಶಕಗಳ ಕಾಲ ಅಲೆದು ಅಲ್ಲಿ ಆದಿಮಾನವನ ಶಿಲಾಯುಧಗಳ ನೆಲೆಗಳನ್ನು ಶೋಧಿಸಿದರು. ಅವುಗಳಲ್ಲಿ ಒಂದಾದ ಇಸಾಂಪುರವು ಅಂದಿನ ಮನುಷ್ಯರು ಸುಣ್ಣಗಲ್ಲನ್ನು ಒಡೆದು ಆಯುಧ ಮಾಡಿಕೊಂಡ ಕಾರ್ಖಾನೆಯೇ ಸರಿ. ಅಲ್ಲಿ ಸಿಕ್ಕ ಹಲ್ಲುಗಳ ಪರೀಕ್ಷೆಯಿಂದ ಅದಕ್ಕೆ ಸುಮಾರು ಹನ್ನೆರಡು ಲಕ್ಷ ವರ್ಷಗಳಾಗಿವೆಯೆಂದು ಗಣಿಸಿದ್ದಾರೆ. ಆ ಜನರು ಅಲ್ಲಿ ನೆಲೆಸಲು ಕಾರಣವೂ ನೀರೇ. ಸ್ವಲ್ಪ ಮುಂದೆ ರಾಜನಕೋಳೂರಿನ ಹತ್ತಿರ ಚಪ್ಪಡಿಗಳಿಂದ ಕಟ್ಟಿದ ಕಲ್ಲುಗೋರಿಗಳಿವೆ. ಇಷ್ಟು ದೊಡ್ಡ ಪುರಾತನ ನಿಧಿಯನ್ನು ನೋಡಲು ಬೆಂಗಳೂರಿನಿಂದಾಗಲಿ ಹೈದರಾಬಾದಿನಿಂದಾಗಲಿ ಯಾರೂ ಬರುವದಿಲ್ಲವೆಂದು ಕೊರಗುವವರು, ಮೊದಲು ಸುರಪುರದ ಎಷ್ಟು ಮಂದಿ ನೋಡಿದ್ದಾರೆಂದು ಕೇಳಿಕೊಳ್ಳಬೇಕು.

ಈ ಏರಿಗಳು ಪ್ರವಾಸಿಗರಿಗಾಗಿ ಕಾದು ಕುಳಿತಿಲ್ಲ; ಅವುಗಳ ಮೇಲೆ ಸೈಕಲ್ಲಿನವರು ಆಗಲೇ ಇದ್ದಾರೆ. ಬೆಳಗಿನ ಎಂಟು ಗಂಟೆಗೆ ನಮ್ಮೆದುರಿಗೆ ಬಂದ ಹುಡುಗಿಯರ ಗುಂಪೊಂದನ್ನು ನಾವು ಮರೆಯಲಾರೆವು. ನೀಲಿ ಬಿಳಿ ಸಮವಸ್ತ್ರ, ಹಿಂದಿನ ಕ್ಯಾರಿಯರಿಗೆ ಕಟ್ಟಿದ ಪಾಟಿಚೀಲ. ತಮ್ಮ ಊರಿನಿಂದ ಪ್ರೌಢಶಾಲೆಗೆ ಡಾಂಬರಿನ ದಾರಿಯಿದ್ದರೂ ಮನೆಯವರು ಏರಿಯ ಮೇಲೆಯೇ ಹೋಗೆನ್ನುತ್ತಾರೆಂದು ಅವರಲ್ಲೊಬ್ಬಳು ಹೇಳಿದಳು. ಎಂಟನೆಯ ಇಯತ್ತೆಯ ಮಕ್ಕಳಿಗೆ ಸರಕಾರವು 2006-07ರಿಂದ ಉಚಿತವಾಗಿ ಸೈಕಲ್ಲುಗಳನ್ನು ಹಂಚಿತು. ಕೋವಿಡ್ ಬೇನೆಯ ಕಾಲದಲ್ಲಿ ಅದು ನಿಂತಿತು. ಆ ಯೋಜನೆಯು ಎಷ್ಟೋ ಹುಡುಗಿಯರನ್ನು ಶಾಲೆಯ ವರೆಗೆ ಮುಟ್ಟಿಸಿತು. ಹಾದಿಯ ಕುರಿತು ಮಾತ್ರ ಅಂದು ಯಾರೂ ಯೋಚಿಸಲಿಲ್ಲ. ಅಕ್ಕನ ಹಳೆಯ ಸೈಕಲ್ಲನ್ನು ತಂಗಿಯು ತುಳಿಯುತ್ತಿರುವದನ್ನು ನಾವು ಕಂಡೆವು. ಬಣ್ಣವು ಹೋಗಿತ್ತು, ಗಂಟೆಯು ಇನ್ನೂ ಬಾರಿಸುತ್ತಿತ್ತು.

ಈ ಮಕ್ಕಳ ದೆಸೆಯಿಂದಲೇ ಏರಿಯ ಅಪಾಯವನ್ನು ಮುಚ್ಚಿಡಲಾಗದು. ಕಾಂಕ್ರೀಟಿನ ಒಳಮೈಯುಳ್ಳ ಕಾಲುವೆಯು ಹೊಳೆಗಿಂತ ಕ್ರೂರವು. ಹೊಳೆಯಲ್ಲಿ ಬಿದ್ದವನಿಗೆ ಕಲ್ಲಾದರೂ ಬೇರಾದರೂ ಕೈಗೆ ಸಿಕ್ಕೀತು. ಇಲ್ಲಿ ಪಾಚಿಗಟ್ಟಿದ ಇಳಿಜಾರಿನ ಗೋಡೆಯ ಮೇಲೆ ಈಜುಬಲ್ಲವನೂ ಹತ್ತಲಾರನು. ನೀರು ಶಾಂತವಾಗಿ ಕಾಣುವದು, ಸೆಳೆತವು ಒಳಗಿರುವದು. ಮೆಟ್ಟಿಲುಗಳು ಇರುವಲ್ಲಿ ಇವೆ, ಇಲ್ಲದಲ್ಲಿ ಬಹುದೂರ ಇಲ್ಲ. ಇನ್ನು ಇದೇ ಏರಿಗಳ ಮೇಲೆ ಮೋಟಾರುಗಳು ವೇಗವಾಗಿ ಓಡಹತ್ತಿದರೆ ಏನಾಗುವದೆಂಬದನ್ನು ಮಂಡ್ಯದ ಸೀಮೆಯು ನೆತ್ತರಿನಲ್ಲಿ ಬರೆದು ತೋರಿಸಿದೆ. 2018ರ ನವೆಂಬರ 24ರಂದು ಕನಗನಮರಡಿಯ ಬಳಿ ಒಂದು ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಜನರು ಸತ್ತರು; ಅವರಲ್ಲಿ ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಇದ್ದರು. ಏರಿಗೆ ಡಾಂಬರು ಹಾಕಿ ರಸ್ತೆ ಮಾಡಿಕೊಡಿರೆಂಬ ಬೇಡಿಕೆಯು ನಮ್ಮ ಕಡೆಯಲ್ಲಿಯೂ ಆಗಾಗ ಕೇಳಿಬರುತ್ತದೆ. ಹೊಲದ ಮಾಲನ್ನು ಸಾಗಿಸಬೇಕಾದ ಒಕ್ಕಲಿಗನ ಅಡಚಣಿಯನ್ನು ನಾವು ಬಲ್ಲೆವು. ಆದರೂ ಆ ಬೇಡಿಕೆಯನ್ನು ನಾವು ಬೆಂಬಲಿಸಲಾರೆವು. ಎತ್ತಿನ ಬಂಡಿಗೂ ಒಕ್ಕಲಿಗನ ಟ್ರ್ಯಾಕ್ಟರಿಗೂ ಸುಗ್ಗಿಯಲ್ಲಿ ಅವಕಾಶವಿರಲಿ. ಹಾದುಹೋಗುವ ಬಸ್ಸು ಲಾರಿ ಕಾರುಗಳಿಗೆ ಬೇಡ. ಸೇತುವೆಗಳ ಬಳಿ ಏರಿಗೆ ಅಡ್ಡಲಾಗಿ, ಸೈಕಲ್ಲು ನುಸುಳಬಲ್ಲಷ್ಟು ಸಂದುಬಿಟ್ಟು, ಇಲಾಖೆಯವರು ಮಾತ್ರ ತೆಗೆಯಬಹುದಾದ ಕಂಬಗಳನ್ನು ನೆಡಲು ಹೆಚ್ಚು ಹಣವೇನೂ ಬೇಕಾಗದು. ಕಾಲುವೆಯ ಒಳಮೈಗೆ ಅಲ್ಲಲ್ಲಿ ಮೆಟ್ಟಿಲು, ಕೈಹಿಡಿಯಲು ಒಂದು ಸರಪಳಿ, ಸೇತುವೆಗಳಿಗೆ ಭದ್ರವಾದ ಕಟಾಂಜನ, ಇವೂ ಬೇಕು. ಸಾವಿರಾರು ಕೋಟಿಗಳ ಕಾಮಗಾರಿಯಲ್ಲಿ ಇವು ಲೆಕ್ಕಕ್ಕೂ ಬರುವ ಬಾಬುಗಳಲ್ಲ.

ಇಂಜಿನಿಯರರ ಆಕ್ಷೇಪಣೆಯನ್ನೂ ಕೇಳಬೇಕು. ಏರಿಯು ಕಾಲುವೆಯ ರಕ್ಷಣೆಗಾಗಿ ಇರುವದು. ಜನರು ಬಂದರೆ ತೂಬನ್ನು ತಿರುವುವರು, ಪಂಪು ಹಚ್ಚಿ ನೀರು ಕದಿಯುವರು ಎಂದು ಅವರು ಹೇಳುವರು. ನಮ್ಮನ್ನೂ ಒಂದು ತೂಬಿನ ಬಳಿ ಕಾವಲುಗಾರನು ತಡೆದು, ಚೀಲವನ್ನು ಬಿಚ್ಚಿಸಿ ನೋಡಿದನು. ಪಂಕ್ಚರಿನ ಪೆಟ್ಟಿಗೆಯನ್ನೂ ಶೇಂಗಾದ ಹಿಂಡಿಯ ಡಬ್ಬಿಯನ್ನೂ ಕಂಡ ಮೇಲೆ ಅವನು ತಾನೇ ಚಹಾ ಕಾಸಿಕೊಟ್ಟನು. ಹಿಂದೆ ನೀರುಗಂಟಿಗಳು ಸೈಕಲ್ಲಿನ ಮೇಲೆಯೇ ಏರಿಯನ್ನು ಸುತ್ತುತ್ತಿದ್ದರೆಂದೂ, ಆಗ ಇಲಿಯ ಬಿಲದಿಂದ ಒಸರುವ ನೀರೂ ಕಣ್ಣಿಗೆ ಬೀಳುತ್ತಿತ್ತೆಂದೂ ಅವನೇ ಹೇಳಿದನು. ಕದಿಯುವವನು ರಾತ್ರಿ ಬರುವನು, ಎಂಜಿನು ತರುವನು. ಹಗಲು ಸೈಕಲ್ಲಿನ ಮೇಲೆ ಬರುವ ನಾಲ್ವರು ಕಾಲುವೆಗೆ ನಾಲ್ಕು ಜೊತೆ ಕಣ್ಣುಗಳು. ಗಿಡ ನೆಡುವ ವಿಷಯದಲ್ಲಿ ಮಾತ್ರ ಇಂಜಿನಿಯರರ ಮಾತು ಪೂರಾ ಸರಿಯಾದುದು: ಏರಿಯ ಮೈಯಲ್ಲಿ ಬೇರಿಳಿದರೆ ಕಾಲುವೆ ಒಡೆಯುವದು. ಆದರೆ ಏರಿಯ ಬುಡದಿಂದ ದೂರ ಸರಿದು, ಇಲಾಖೆಯ ನೆಲದಲ್ಲಿಯೇ ಬೇವು ಹುಣಸೆಗಳನ್ನು ನೆಡಲು ಅಡ್ಡಿಯೇನು? ಈಗ ಅಲ್ಲಿ ಯಾರೂ ನೆಡದ ಬಳ್ಳಾರಿ ಜಾಲಿಯು ಬೆಳೆದೇ ಇದೆಯಲ್ಲ.

ಪರದೇಶಗಳಲ್ಲಿ ಇದು ಹೊಸ ವಿಚಾರವಲ್ಲ. ಫ್ರಾನ್ಸಿನಲ್ಲಿ ರಿಕೇ ಎಂಬವನು ಯೋಜಿಸಿ, 1681ರ ಹೊತ್ತಿಗೆ ಮುಗಿದ ಮಿದಿ ಕಾಲುವೆಯು ಸುಮಾರು 240 ಕಿಲೋಮೀಟರು ಉದ್ದವಾಗಿದೆ. ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುವ ಕುದುರೆಗಳಿಗಾಗಿ ಅದರ ಬದಿಗೆ ಮಾಡಿದ ಹಾದಿಯ ಮೇಲೆ ಇಂದು ದೇಶದೇಶಗಳ ಸೈಕಲ್ಲಿನವರು ಹೋಗುತ್ತಾರೆ. ದಂಡೆಯ ಊರಿನವರಿಗೆ ಅದರಿಂದ ಊಟ ವಸತಿಗಳ ಉದ್ಯೋಗವೂ ದೊರೆತಿದೆ. ನಮ್ಮ ಕಾಲುವೆಗಳಲ್ಲಿ ದೋಣಿ ಓಡಲಿಲ್ಲ, ಕುದುರೆ ನಡೆಯಲಿಲ್ಲ; ಆದರೂ ಹಾದಿ ಇದೆ. ಹರಿದ್ವಾರದಿಂದ ಹೊರಡುವ, 1854ರಲ್ಲಿ ತೆರೆದ ಗಂಗಾ ಕಾಲುವೆಯ ದಂಡೆಯ ಮೇಲೆ ಶ್ರಾವಣದಲ್ಲಿ ಲಕ್ಷಾಂತರ ಕಾವಡಿ ಹೊತ್ತ ಯಾತ್ರಿಕರು ಬರಿಗಾಲಲ್ಲಿ ನಡೆಯುವದನ್ನು ನೆನೆದರೆ, ಕಾಲುವೆಯ ದಂಡೆಯು ಇಲಾಖೆಯ ಸ್ವತ್ತಾದರೂ ಜನರ ಹಾದಿಯೂ ಆಗಬಲ್ಲುದೆಂಬದು ಈ ದೇಶದಲ್ಲಿಯೇ ರುಜುವಾತಾಗಿದೆ. ಯಾದಗಿರಿಯು 2009ರ ಕೊನೆಗೆ ಕಲಬುರ್ಗಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. ಹೊಸ ಜಿಲ್ಲೆಗೆ ಹೆಸರು ತರುವ ಯೋಜನೆಗಳನ್ನು ಹುಡುಕುವವರು ಶಹಾಪುರದಿಂದ ನಾರಾಯಣಪುರದ ವರೆಗೆ ಒಮ್ಮೆ ಏರಿಯ ಮೇಲೆ ಹೋಗಿನೋಡಲಿ. ಕಾರಿನಲ್ಲಿ ಬೇಡ.

ಕೊಡೇಕಲ್ಲನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಏಳನೆಯ ಪಂಕ್ಚರು ಆಯಿತು, ತೇಪೆಗಳು ತೀರಿದ್ದವು. ಸೇತುವೆಯ ಮೇಲೆ ಕುಳಿತಿದ್ದ ಇಬ್ಬರು ಹುಡುಗರು ಓಡಿಬಂದು, ಸವೆದ ಟ್ಯೂಬಿನ ತುಂಡೊಂದನ್ನು ಎಲ್ಲಿಂದಲೋ ತಂದು, ಕಲ್ಲಿನ ಮೇಲೆ ತಿಕ್ಕಿ ಅಂಟಿಸಿಕೊಟ್ಟರು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. "ಕಾಕಾ, ಡ್ಯಾಂ ತನಕ ನಾವೂ ಬರ್ತೀವಿ" ಎಂದರು. ಒಂದೇ ಸೈಕಲ್ಲಿನ ಮೇಲೆ ಒಬ್ಬನು ತುಳಿಯುತ್ತ, ಇನ್ನೊಬ್ಬನು ಮುಂದಿನ ದಾಂಡಿನ ಮೇಲೆ ಕುಳಿತು ಕೂಗುತ್ತ, ನಮ್ಮ ಅಂಗಡಿಕಾರ ಮಿತ್ರರನ್ನು ಹಿಂದೆ ಹಾಕಿ ಅವರು ಹೊರಟೇಹೋದರು. ಬಸವಸಾಗರದ ನೀರಿನ ಮೇಲೆ ಹೊತ್ತು ಮುಳುಗುವಾಗ ನಾವು ಕಟ್ಟೆಯ ಬಳಿ ಮುಟ್ಟಿದೆವು. ಹುಡುಗರು ಆಗಲೇ ಮರಳಿ ಮನೆಯ ದಾರಿ ಹಿಡಿದಿದ್ದರು. ಎದುರಿನಿಂದ ಬಂದು, ಗಂಟೆ ಬಾರಿಸಿ, ನಿಲ್ಲದೆ ಹೋದರು.